ಕೇಳಿದ ಮಾತು

ಕೊಟ್ಟಿಗೆಹಾರದ ಹೋಟೆಲಿನಲ್ಲಿ ಗಂಡ ಕೃಷ್ಣಯ್ಯ ಇನ್ನೊಂದು ಸಲ ನೀರುದೋಸೆ ಹಾಕಿಸಿಕೊಳ್ಳುತ್ತಿದ್ದಾಗ, ತನ್ನ ಮುಂದಿನ ಕಾಫಿ ಲೋಟ ಬೆಳಗಿನಿಂದ ಯಾರ ಯಾರ ತುಟಿಗೆ ಹೋಗಿ ಬಂದಿದ್ದೀತು ಎಂಬ ಯೋಚನೆ ಅಂಬುಜಾಗೆ ಬಂತು. ಮದುವೆಯಾಗಿ ಬಂದಾಗಿನಿಂದ ಕಳಸಕ್ಕೂ ಮೂಡಿಗೆರೆಗೂ ಓಡಾಡುತ್ತ ಇದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದವಳು. ಒಮ್ಮೆಯೂ ಬಾರದ ಯೋಚನೆ. ಘಟ್ಟ ಹತ್ತಿ ಬಂದ ಲಾರಿ ಡ್ರೈವರುಗಳು, ದಿಮ್ಮಿ ಹೇರುವವರು, ಜೀಪಿನ ಹಿಂದೆ ನಿಂತು ಎಸ್ಟೇಟಿಗೆ ಹೋಗುವ ಆಳುಗಳು, ಎಲ್ಲರೂ ಕುಡಿದಿಟ್ಟ ಲೋಟ. ಹೋಟೆಲಿನವನು ಬಕೆಟ್ಟಿನ ನೀರಿಗೆ ಒಮ್ಮೆ ಅದ್ದಿ ತೆಗೆದು ಮತ್ತೆ ಕಾಫಿ ಸುರಿಯುತ್ತಾನೆ. ಅವಳು ಎತ್ತಿ ಕುಡಿದಳು. ಏನೂ ಆಗಲಿಲ್ಲ. ಇಲ್ಲಿ ಏನೂ ಆಗದ್ದು ತನ್ನ ಅಡುಗೆಮನೆಯಲ್ಲಿ ಏನು ಆಗಿಬಿಡುತ್ತಿತ್ತು ಎಂದು ತನ್ನನ್ನೇ ಕೇಳಿಕೊಂಡಳು. "ಎಂತ ಮಾರಾಯ್ತಿ, ದೋಸೆ ಹಾಗೇ ಉಂಟಲ್ಲ ತಟ್ಟೇಲಿ," ಎಂದ ಕೃಷ್ಣಯ್ಯ. "ಇವತ್ತು ವಕೀಲರ ಹತ್ರ ಆ ಹುಡುಗಿಯ ಸೈನು ಬಿದ್ರೆ ಮುಗೀತು. ನಮ್ಮ ಹೆಸರು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಬೀಜದ ಹಾಗೆ ಬೆಳ್ಳಗೆ ಆಗ್ತದೆ." ಅವನ ಮುಖದಲ್ಲಿ ಮದುವೆಮನೆಗೆ ಹೊರಟವನ ಗೆಲುವಿತ್ತು. ಅಂಬುಜಾ ದೋಸೆ ಮುರಿದು ಬಾಯಿಗಿಟ್ಟುಕೊಂಡಳು.

ಹೆಸರು ಎಂದರೆ ಅವಳದ್ದೇ ಹೆಸರು. ಕಳಸದಿಂದ ಸ್ವಲ್ಪ ಮೇಲೆ, ಕಾಫಿ ತೋಟದ ಅಂಚಿಗೆ ಅತಿಥಿಗಳಿಗಾಗಿ ಎರಡು ಕೋಣೆ ಕಟ್ಟಿಸಿದಾಗ ಕೃಷ್ಣಯ್ಯನೇ ಹಲಗೆಯ ಮೇಲೆ 'ಅಂಬುಜಾ ಹೋಂಸ್ಟೇ' ಎಂದು ಬರೆಸಿ ಗೇಟಿಗೆ ತೂಗುಹಾಕಿದ್ದ. ಹೆಂಡತಿಯ ಕೈರುಚಿಯಿಂದಲೇ ಜನ ಬರುತ್ತಾರೆ, ಹೆಸರೂ ಅವಳದ್ದೇ ಇರಲಿ ಎಂದಿದ್ದ. ಬಂದರೂ ಬಂದರು. ಬೆಂಗಳೂರಿನವರು, ಮಂಗಳೂರಿನವರು, ಗುಡ್ಡ ಹತ್ತುವ ಹುಚ್ಚಿನ ಹುಡುಗರು. ಹೋದವರು ಇಂಟರ್‌ನೆಟ್ಟಿನಲ್ಲಿ ಅವಳ ಕಡುಬಿನ ಬಗ್ಗೆ ಬರೆಯುತ್ತಾರಂತೆ, ಅದನ್ನು ಓದಿ ಇನ್ನಷ್ಟು ಜನ ಬರುತ್ತಾರಂತೆ. ಹೀಗೆ ಬಂದವರಲ್ಲಿ ಹಾಸನದ ಕಾಲೇಜೊಂದರ ನಾಲ್ವರು ಹುಡುಗಿಯರೂ ಇದ್ದರು. ಅವರಲ್ಲೊಬ್ಬಳು, ರೂಪಶ್ರೀ ಎಂಬವಳು, ಸಂಜೆ ಒಳಗೇ ಬಂದು ಕಡುಬಿನ ಹಿಟ್ಟು ಹದ ಮಾಡುವುದನ್ನು ನೋಡುತ್ತ ನಿಂತಳು. ಗೆಲುವಿನ ಹುಡುಗಿ. ನಮ್ಮ ಅಮ್ಮ ಇದನ್ನು ಎಲೆಯಲ್ಲಿ ಸುತ್ತಿ ಬೇಯಿಸ್ತಾರೆ ಆಂಟಿ, ಎಂದಳು. ಅಂಬುಜಾಗೆ ಪ್ರೀತಿ ಉಕ್ಕಿತು. ಸುಳ್ಳಲ್ಲ, ನಿಜವಾಗಿಯೂ ಉಕ್ಕಿತು, ಆ ಉಕ್ಕಿದ ಪ್ರೀತಿಯಲ್ಲೇ ಕೇಳಿದ್ದು, "ಹೌದಾ ಮಗಾ? ನಿಮ್ಮ ಮನೆದೇವರು ಯಾವುದು?" ಹುಡುಗಿ ನಕ್ಕು, "ನಮ್ಮ ಕೇರಿ ಮಾರಮ್ಮ ಆಂಟಿ," ಎಂದಳು. ಯಾವ ಕೇರಿ ಎಂದು ಮತ್ತೆ ಕೇಳಬೇಕಾಗಿರಲಿಲ್ಲ. ಅಂಬುಜಾ "ಒಳ್ಳೇದು, ಒಳ್ಳೇದು" ಎನ್ನುತ್ತ ಒಲೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಕಾಫಿ ಹಾಕುವಾಗ ಕೈ ತಾನಾಗಿ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಯಾರದೋ ಉಪನಯನಕ್ಕೆ ತಂದು ಉಳಿದಿದ್ದ ಕಾಗದದ ಲೋಟಗಳಿದ್ದವು, ಮೈಮೇಲೆ ಗುಲಾಬಿ ಹೂವಿನ ಚಿತ್ರ. ಮೂರು ಸ್ಟೀಲ್ ಲೋಟ, ಒಂದು ಕಾಗದದ್ದು. ಕಪಾಟಿನ ತುಂಬ ಸ್ಟೀಲ್ ಲೋಟಗಳು ಬೋರಲು ಬಿದ್ದಿದ್ದವು. ಕಾಗದದ ಲೋಟಕ್ಕೆ ಅವಳು ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದಳು. ಯಾಕೆ ಹಾಕಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾಳೆ. ಹುಡುಗಿ ಲೋಟವನ್ನು ಕೈಯಲ್ಲಿ ತಿರುಗಿಸಿ ಗುಲಾಬಿಯನ್ನು ನೋಡಿದಳು, ಗೆಳತಿಯರ ಲೋಟಗಳನ್ನು ನೋಡಿದಳು, ಕುಡಿದಳು. ಅವರೆಲ್ಲ ಹೋದ ಮೇಲೆ ಜಗಲಿ ಗುಡಿಸಲು ಬಂದರೆ ಕಟ್ಟೆಯ ಮೇಲೆ ಆ ಕಾಗದದ ಲೋಟ ಬೋರಲಾಗಿತ್ತು. ಹುಡುಗಿಯೇ ತೊಳೆದು ಇಟ್ಟಿದ್ದಳು. ನೀರು ಕುಡಿದು ಮೆತ್ತಗಾಗಿ ಒಂದು ಪಕ್ಕಕ್ಕೆ ವಾಲಿತ್ತು. ಅಂಬುಜಾ ಅದನ್ನು ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದಳು. ಒದ್ದೆಯಾಗಿದ್ದರಿಂದ ಬೇಗ ಉರಿಯಲಿಲ್ಲ, ಹೊಗೆಯಾಡಿತು, ಅವಳು ಊದುಗೊಳವೆ ಹಿಡಿದು ಊದಿದಳು.

ಜೀಪು ಬಣಕಲ್ ದಾಟಿತು. ರಸ್ತೆಯ ಎರಡೂ ಕಡೆ ಕಾಫಿ ಗಿಡಗಳು ಬಿಸಿಲಿಗೆ ಎಲೆ ಜೋಲಿಸಿಕೊಂಡು, ಮೊಗ್ಗು ಅರಳಿಸುವ ಹೂಮಳೆಗೆ ಕಾಯುತ್ತಿದ್ದವು. ಕೃಷ್ಣಯ್ಯ ಬಾಳೂರಿನಲ್ಲಿ ಯಾರಿಗೋ ಒಂದು ಹದ ಮಳೆ ಬಿದ್ದಿತಂತೆ, ನಮಗೇ ಇಲ್ಲ, ಎಂದು ಮಳೆಯನ್ನು ಬೈಯುತ್ತಿದ್ದ. ಒಳ್ಳೆಯ ಮನುಷ್ಯ. ಅವನಿಗೆ ಗೊತ್ತಿಲ್ಲ. ಆ ಬೆಳಿಗ್ಗೆ ಅವನು ಕಣದಲ್ಲಿ ಮೆಣಸು ಹರಡಿಸುತ್ತಿದ್ದ. ಮಗಳು ಗಾನವಿ ಮೂಡಿಗೆರೆಯ ಕಾಲೇಜಿನಿಂದ ಅಳುತ್ತ ಬಂದು, ರೂಪಶ್ರೀ ವೆಬ್‌ಸೈಟಿನಲ್ಲಿ ಬರೆದದ್ದನ್ನು ಇಂಟರ್‌ನೆಟ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿದ್ದ ಹಾಳೆಯನ್ನು ಊಟದ ಮೇಜಿನ ಮೇಲೆ ಎಸೆದ ದಿನ, ಅವನು ಮೊದಲು ಕೇಳಿದ್ದು ಹೆಂಡತಿಯನ್ನೇ: "ನೀನು ಆ ಹುಡುಗಿಯ ಮನೆದೇವರು ಕೇಳಿದ್ಯೇನೇ?" "ಇಲ್ಲಪ್ಪ," ಎಂದಳು ಅಂಬುಜಾ. ಆ ಇಲ್ಲಪ್ಪ ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಒಂದು ಕ್ಷಣ ನಂಬಿದಳು. ಅಷ್ಟು ಸಾಕಾಯಿತು ಅವನಿಗೆ. ಅವನ ಸಿಟ್ಟೆಲ್ಲ ನಂಬಿಕೆಯಿಂದ ಬಂದ ಸಿಟ್ಟು. "ಆ ವೆಬ್‌ಸೈಟಿನವರ ಆಫೀಸು ಎಲ್ಲುಂಟು? ಹೋಗಿ ಎದುರೆದುರೇ ಒಂದು ಮಾತು ಆಡಿಬಿಡ್ತೇನೆ," ಎಂದು ಕೂಗಾಡಿದ್ದ. ಅದಕ್ಕೆ ಹಾಗೆ ಹೋಗಿ ಜಗಳ ಆಡೋ ಆಫೀಸಿರಲ್ಲ ಅಪ್ಪ, ಎಂದು ಗಾನವಿ ಅಳುವಿನ ನಡುವೆಯೂ ತಿಳಿಸಿ ಹೇಳಬೇಕಾಯಿತು. ಹಾಳೆಯಲ್ಲಿ ಇದ್ದದ್ದು ಸ್ವಲ್ಪವೇ. ತೋಟ ಚೆನ್ನಾಗಿದೆ, ಕಡುಬು ಬಹಳ ಚೆನ್ನಾಗಿತ್ತು, ಆಂಟಿ ನನ್ನ ಮನೆದೇವರು ಯಾವುದೆಂದು ಕೇಳಿದರು, ಹೇಳಿದೆ, ಮರುದಿನ ಗೆಳತಿಯರಿಗೆ ಸ್ಟೀಲ್ ಲೋಟ ನನಗೆ ಕಾಗದದ ಲೋಟ ಬಂತು, ಕಾಫಿ ಮಾತ್ರ ತುಂಬ ಸಿಹಿಯಾಗಿತ್ತು. ಅದರ ಕೆಳಗೆ ಗುರುತು ಪರಿಚಯ ಇಲ್ಲದ ಜನ ಅಂಬುಜಾಳನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು. ಆ ಬೈಗುಳಗಳು ಅವಳಿಗೆ ತಾಗಲಿಲ್ಲ. ಸಿಹಿ ಎಂಬ ಮಾತು ತಾಗಿತು.

ಜಾತಿ ಕೇಳಬಾರದು, ಅದು ಮರ್ಯಾದಸ್ಥರ ಲಕ್ಷಣವಲ್ಲ, ಎಂದು ಹೇಳಿಕೊಟ್ಟವರು ಅತ್ತೆ. ಹೊಸದಾಗಿ ಬಂದ ಸೊಸೆಗೆ ಹಪ್ಪಳದ ಹಿಟ್ಟಿನ ಹದ ಕಲಿಸಿದಷ್ಟೇ ಅಕ್ಕರೆಯಿಂದ ಇದನ್ನೂ ಕಲಿಸಿದ್ದರು. ಬಂದವರನ್ನು ಕೂರಿಸು, ನೀರು ಬೆಲ್ಲ ಕೊಡು, ಯಾವ ಊರು ಕೇಳು, ಆಮೇಲೆ ಮನೆದೇವರು ಕೇಳು. ದೇವರ ಹೆಸರು ಹೇಳಲು ಯಾರಿಗೂ ಬೇಸರ ಇಲ್ಲ, ನಮಗೆ ಬೇಕಾದ್ದು ಅದರ ಹಿಂದೆಯೇ ಬರುತ್ತದೆ. ಅತ್ತೆ ಕೇಳುವುದನ್ನು ನೋಡಬೇಕಿತ್ತು. ಕೇಳಿಸಿಕೊಂಡವರು ಖುಷಿಯಿಂದ ತಮ್ಮ ಊರಿನ ಜಾತ್ರೆಯನ್ನೆಲ್ಲ ವರ್ಣಿಸಿ, ಯಾವ ಲೋಟದಲ್ಲಿ ಕಾಫಿ ಬಂತೆಂದು ನೋಡದೆ ಕುಡಿದು ಹೋಗುತ್ತಿದ್ದರು. ಅಂಬುಜಾ ಈ ವಿದ್ಯೆಯಲ್ಲಿ ಅತ್ತೆಯನ್ನೂ ಮೀರಿಸಿದಳು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಗಾನವಿಯ ಗೆಳತಿಯರ ಹತ್ತಿರ, ಕರೆಂಟಿನ ಮೀಟರು ನೋಡಲು ಬಂದವನ ಹತ್ತಿರ. ಕೇಳದೆ ಮಾತು ಮುಂದಕ್ಕೇ ಹೋಗುತ್ತಿರಲಿಲ್ಲ. ಕೊನೆಕೊನೆಗೆ ಅದು ಪ್ರಶ್ನೆಯೂ ಆಗಿರಲಿಲ್ಲ, 'ಊಟ ಆಯ್ತಾ' ಎಂಬ ಹಾಗೆ ಒಂದು ಉಪಚಾರದ ಮಾತಾಗಿತ್ತು. ಈಗೊಂದು ತಿಂಗಳಿಂದ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಮೀನು ತಿಂದು ಗೊತ್ತಿಲ್ಲದವಳಿಗೂ ಹಾಗನ್ನಿಸಿತು. ಮೊನ್ನೆ ತೋಟದ ಕೆಲಸದ ದ್ಯಾವಮ್ಮನಿಗೆ ಒಳಗಿನ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು ನೋಡಿದಳು. ದ್ಯಾವಮ್ಮ ಹಿತ್ತಿಲ ಕಲ್ಲಿನ ಮೇಲೆಲ್ಲ ಹುಡುಕಿ, "ನನ್ನ ಲೋಟ ಎಲ್ಲೋಯ್ತು ಅಮ್ಮಾ? ಅದ್ರಲ್ಲಾದ್ರೆ ಜಾಸ್ತಿ ಹಿಡೀತದೆ," ಎಂದು ಗೊಣಗಿದಳು. ಅಂಬುಜಾ ಬೇಗ ಬೇಗ ಹಳೆಯ ಲೋಟವನ್ನೇ ತಂದುಕೊಟ್ಟು ಒಳಗೆ ಬಂದು ಕೂತಳು. ಪಾಪ ಕಳೆದುಕೊಳ್ಳಲಿಕ್ಕೂ ಯೋಗ್ಯತೆ ಬೇಕು ಅಂತ ಕಾಣುತ್ತದೆ, ಎಂದುಕೊಂಡು ನಗು ಬಂದು, ನಕ್ಕದ್ದಕ್ಕೆ ಮತ್ತೆ ಸಂಕಟಪಟ್ಟಳು.

ವಕೀಲ ಶಾಂತವೀರಪ್ಪನವರ ಆಫೀಸು ಮೂಡಿಗೆರೆಯ ಪೇಟೆಯಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾದ ವಾಸನೆ. ಹೋದ ತಿಂಗಳು ಇದೇ ಮೆಟ್ಟಿಲು ಹತ್ತಿದ್ದಾಗ ಅವರು ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ನೋಡಿ ಕೃಷ್ಣಯ್ಯನವರೇ, ಈ ಮಗು ಬರೆದದ್ದರಲ್ಲಿ ಒಂದೂ ಬೈಗುಳ ಇಲ್ಲ. ಹೀಗಾಯ್ತು ಹೀಗಾಯ್ತು ಅಂತ ಬರೆದಿದೆ, ಅಷ್ಟೇ. ನಡೆದದ್ದು ನಿಜ ಆದ್ರೆ ಮಾನನಷ್ಟ ಅಂತ ನಾವು ಬಾಯಿ ಬಿಡೋ ಹಾಗಿಲ್ಲ, ಬೇರೆ ಕೇಸು ನಮ್ಮ ಮೇಲೇ ಬರ್ತದೆ. ಸುಳ್ಳಾದ್ರೆ ಮಾತ್ರ ನೋಟೀಸು," ಎಂದು ಅಂಬುಜಾಳ ಕಡೆ ತಿರುಗಿದ್ದರು. "ಅಮ್ಮಾ, ನೀವು ಕೇಳಿದ್ರಾ, ಇಲ್ವಾ?" ಅವಳು ಸೆರಗಿನ ಅಂಚು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿತ್ತು ಅವಳಿಗೆ. ಮುಖ ಎತ್ತಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯ. ಅಷ್ಟರಲ್ಲಿ ಕೃಷ್ಣಯ್ಯ, "ಛೆ ಛೆ, ಇವಳ್ಯಾಕೆ ಕೇಳ್ತಾಳೆ ಮಾರಾಯ್ರೇ! ಲೋಟ ಸಾಲದೆ ಕಾಗದದ್ದು ಇಟ್ಟಿದಾಳೆ, ಆ ಹುಡುಗಿ ಏನೋ ಕಥೆ ಕಟ್ಟಿದೆ," ಎಂದ. ಶಾಂತವೀರಪ್ಪ ಇನ್ನೂ ಅವಳನ್ನೇ ನೋಡುತ್ತಿದ್ದರು. ಅವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಯಾರಿಗೂ ತಿಳಿಯದ ಹಾಗೆ ಆಡಿಸಿದಳು, ಅವರಿಗೆ ಬೇಕಾದ ಹಾಗೆ ಅವರು ತಿಳಿದುಕೊಂಡರು. ನೋಟೀಸು ಅವಳ ಹೆಸರಿನಲ್ಲೇ ಹೋಯಿತು. ನನ್ನ ಕಕ್ಷಿದಾರರು ಅತಿಥಿಗಳ ಕುಲಗೋತ್ರ ವಿಚಾರಿಸುವ ಅಭ್ಯಾಸವನ್ನು ಯಾವತ್ತೂ ಹೊಂದಿರುವುದಿಲ್ಲ, ಎಂದು ಅದರಲ್ಲಿತ್ತು. ಅವಳು ಅದರ ಕೆಳಗೆ ಸೈನು ಹಾಕಿದಳು.

ಇವತ್ತು ರೂಪಶ್ರೀಯೂ ಅವಳ ಅಪ್ಪನೂ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು. ನೋಟೀಸು ಕಂಡು ಹೆದರಿದವನು ಅಪ್ಪನೇ. ಬಸವರಾಜು ಎಂದು ಹೆಸರು, ಹಾಸನದಲ್ಲಿ ಯಾವುದೋ ಕಚೇರಿಯಲ್ಲಿ ಅಟೆಂಡರು. ಕೋರ್ಟು ಎಂದರೆ ನೌಕರಿಗೆ ಕುತ್ತು ಎಂದು ವಕೀಲರಿಗೆ ಫೋನು ಮಾಡಿ, ನಾನೇ ಮಗಳನ್ನ ಕರ್ಕೊಂಡು ಬಂದು ತಪ್ಪಾಯ್ತು ಅಂತ ಬರೆಸಿಕೊಡ್ತೀನಿ ಸ್ವಾಮಿ, ಎಂದಿದ್ದನಂತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬಂದಿದ್ದ. ಇವರನ್ನು ಕಂಡದ್ದೇ ಎದ್ದು ನಿಂತು ಕೈ ಮುಗಿದ. ಹುಡುಗಿ ಎದ್ದಳು, ಕೈ ಮುಗಿಯಲಿಲ್ಲ. ಅಂಬುಜಾ ಅವಳನ್ನು ನೋಡಬಾರದೆಂದುಕೊಂಡೇ ನೋಡಿದಳು. ಸೊರಗಿದ್ದಳು. ಕಡುಬಿನ ಹಿಟ್ಟಿನ ಮುಂದೆ ನಿಂತು ನಕ್ಕ ಹುಡುಗಿ ಇವಳೇ ಎನ್ನುವ ಹಾಗಿರಲಿಲ್ಲ. ಗಾನವಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು, ಅಷ್ಟೇ. ಈ ಮಗು ನಿಜ ಹೇಳಿ ಸುಳ್ಳುಗಾರ್ತಿಯಾಗಿ ಮನೆಗೆ ಹೋಗುತ್ತದೆ, ಜೀವಮಾನವಿಡೀ ಅಪ್ಪನ ಮುಂದೆ ಸುಳ್ಳುಗಾರ್ತಿಯಾಗಿರುತ್ತದೆ, ಅದಕ್ಕೆ ಕಾರಣ ನಾನು. ಅಂಬುಜಾಳ ಎದೆಯಲ್ಲಿ ಈ ಮಾತು ಇಷ್ಟು ಸ್ಪಷ್ಟವಾಗಿ ಮೂಡಿತೆಂದರೆ ಬಾಯಿಬಿಟ್ಟು ಆಡಿಬಿಟ್ಟೆನೇನೋ ಎಂದು ಸುತ್ತ ನೋಡಿದಳು. ಕೃಷ್ಣಯ್ಯ ಕುರ್ಚಿ ಎಳೆದುಕೊಂಡು ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಶಾಂತವೀರಪ್ಪ ಟೈಪು ಮಾಡಿಸಿದ ಹಾಳೆಯನ್ನು ಓದಿದರು. "ನಾನು ಬರೆದ ವಿಷಯ ತಪ್ಪು ಗ್ರಹಿಕೆಯಿಂದ ಕೂಡಿದ್ದು, ಶ್ರೀಮತಿ ಅಂಬುಜಾರವರು ನನ್ನನ್ನು ಯಾವ ರೀತಿಯಲ್ಲೂ ವಿಚಾರಿಸಿರುವುದಿಲ್ಲ, ಅದಕ್ಕಾಗಿ ವಿಷಾದಿಸುತ್ತಾ, ಸದರಿ ಬರಹವನ್ನು ಅಂತರ್ಜಾಲದಿಂದ ತೆಗೆದುಹಾಕಲು ಒಪ್ಪಿರುತ್ತೇನೆ." ಓದುವಾಗ ಅವರ ದನಿ ಪುರೋಹಿತರ ಸಂಕಲ್ಪದ ಹಾಗಿತ್ತು. ಬಸವರಾಜು ಪ್ರತಿ ಸಾಲಿಗೂ ತಲೆಯಾಡಿಸಿದ. "ಮಗು ತಪ್ಪು ತಿಳ್ಕೊಂಡ್ಬಿಟ್ಟಿದೆ ಅಮ್ಮ. ಓದಿದ ಹುಡುಗರಿಗೆ ಎಲ್ಲದ್ರಲ್ಲೂ ಅದೇ ಕಾಣ್ತದೆ. ನೀವು ದೊಡ್ಡೋರು, ಮನಸಲ್ಲಿ ಇಟ್ಕೋಬೇಡಿ." "ಆಯ್ತು ಬಿಡಿ, ನಮಗೂ ಮಕ್ಕಳಿದಾವೆ," ಎಂದ ಕೃಷ್ಣಯ್ಯ ದೊಡ್ಡ ಮನಸ್ಸಿನಿಂದ. ಹುಡುಗಿ ಮಾತ್ರ, "ಸಾರ್, 'ವಿಚಾರಿಸಿರುವುದಿಲ್ಲ' ಅನ್ನೋದನ್ನ ತೆಗೀಬಹುದಾ?" ಎಂದಳು. "ಅದೇ ಮುಖ್ಯ ಮಗು," ಎಂದರು ಶಾಂತವೀರಪ್ಪ, "ಅದು ಇಲ್ದಿದ್ರೆ ಉಳಿದದ್ದಕ್ಕೆ ಅರ್ಥ ಇಲ್ಲ." ಹುಡುಗಿ ಅಂಬುಜಾಳ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ನೀವಾದರೂ ಹೇಳಿ ಎನ್ನುವಂತೆ. ಅಂಬುಜಾ ಗೋಡೆಯ ಕ್ಯಾಲೆಂಡರು ನೋಡಿದಳು. ಈಗ ಹೇಳುತ್ತೇನೆ, ಎಂದುಕೊಂಡಳು. ಕಾಫಿ ಬರಲಿ, ಆಮೇಲೆ ಹೇಳುತ್ತೇನೆ. ಗಂಡನ ಮುಖ ಏನಾಗುತ್ತದೆ? ಕಾಲಮೇಲೆ ಹಾಕಿದ ಕಾಲನ್ನು ಹೇಗೆ ಇಳಿಸುತ್ತಾನೆ? ಮನೆಯಲ್ಲಿ ಗಾನವಿ ನನ್ನ ಕೈಯ ಅನ್ನ ಉಂಡಾಳೇ?

ಕೆಳಗಿನ ಹೋಟೆಲಿನಿಂದ ಕಾಫಿ ಬಂತು, ಒಂದೇ ಟ್ರೇಯಲ್ಲಿ ಒಂದೇ ತರಹದ ಐದು ಗಾಜಿನ ಲೋಟ. ಹುಡುಗಿ ತನ್ನದನ್ನು ಮುಟ್ಟಲಿಲ್ಲ. ಬಸವರಾಜು ಬೇಗ ಬೇಗ ಕುಡಿದು, ಖಾಲಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಎದ್ದ. ಕೋಣೆಯ ಮೂಲೆ, ಬಾಗಿಲಾಚೆಯ ನಲ್ಲಿ, ಕಿಟಕಿಯ ಕೆಳಗೆ, ಹೀಗೆ ಅವನ ಕಣ್ಣು ಏನನ್ನೋ ಹುಡುಕಿತು. "ಅಪ್ಪ," ಎಂದಳು ಹುಡುಗಿ ಮೆಲ್ಲಗೆ, "ಅಲ್ಲೇ ಇಡಿ. ಟ್ರೇ ಮೇಲೇ ಇಡಿ. ತೊಳೆಯೋದು ಬೇಡ." ಅವನು ನಾಚಿ, ನಕ್ಕು, ಲೋಟವನ್ನು ಟ್ರೇಯ ತೀರಾ ಅಂಚಿಗೆ, ಉಳಿದವುಗಳಿಗೆ ತಾಗದ ಹಾಗೆ ಇಟ್ಟ. ಕಟ್ಟೆಯ ಮೇಲೆ ವಾಲಿಕೊಂಡಿದ್ದ ಕಾಗದದ ಲೋಟ ಅಂಬುಜಾಳ ಕಣ್ಣಿಗೆ ಕಟ್ಟಿತು. ಈ ಮನುಷ್ಯನಿಗೆ ಈಗಲೇ ಏನಾದರೂ ಒಳ್ಳೆಯ ಮಾತು ಆಡಬೇಕು, ಅವನ ನಾಚಿಕೆ ಹೋಗುವಂಥ ಮಾತು, ಮನೆಗೆ ಬಂದ ನೆಂಟರ ಹತ್ತಿರ ಆಡುವಂಥ ಮಾತು. ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ. ಹುಡುಗಿ ಪೆನ್ನು ತೆಗೆದುಕೊಂಡಿದ್ದಳು. ಹಾಳೆಯ ಮೇಲೆ ಬಗ್ಗಿ 'ರೂಪ' ಎಂದು ಬರೆದಿದ್ದಳು. ಅಂಬುಜಾ ಬಸವರಾಜುವಿನ ಕಡೆ ಬಾಗಿ, ತನಗೆ ಗೊತ್ತಿದ್ದ ಅತ್ಯಂತ ಅಕ್ಕರೆಯ ದನಿಯಲ್ಲಿ, "ನಿಮ್ಮ ಮನೆದೇವರು ಯಾವುದು?" ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೆನ್ನು ನಿಂತಿತು. ಕೆಳಗಡೆ ಯಾರೋ ಗೊಬ್ಬರದ ಮೂಟೆಯನ್ನು ಧೊಪ್ಪನೆ ಎತ್ತಿಹಾಕಿದರು. ಬಸವರಾಜುವಿಗೆ ಮಾತ್ರ ಏನೂ ತಿಳಿಯಲಿಲ್ಲ. ಎಷ್ಟೋ ಜಗಲಿಗಳಲ್ಲಿ ಎಷ್ಟೋ ಸಲ ಕೇಳಿಸಿಕೊಂಡ ಪ್ರಶ್ನೆ, ಕೇಳಿದವರು ಪ್ರೀತಿಯಿಂದಲೇ ಕೇಳಿದ್ದಾರೆ, ಅವನು ಕಣ್ಣುಮುಚ್ಚಿ ಕೈ ಜೋಡಿಸಿ, "ನಮ್ಮ ಕೇರಿ ಮಾರಮ್ಮ, ಅಮ್ಮ. ಬಲು ಸತ್ಯದ ತಾಯಿ," ಎಂದ. ಕೃಷ್ಣಯ್ಯನ ಕಾಲು ಕೆಳಗಿಳಿಯಿತು. ಅವನು ಹೆಂಡತಿಯನ್ನು ನೋಡಿದ ನೋಟದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ. ಮೊದಲು ತಿಳಿವಳಿಕೆ ಬಂದಿತ್ತು, ಅದೇ ಅವಳಿಗೆ ಸಹಿಸಲಿಕ್ಕೆ ಕಷ್ಟವಾಯಿತು. ಕಾನೂನು ಅರೆದು ಕುಡಿದಿದ್ದ ಶಾಂತವೀರಪ್ಪನವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡು, ಕಿಟಕಿಯ ಕಡೆ ತಿರುಗಿ, "ನಾನು ಏನೂ ಕೇಳಲಿಲ್ಲ," ಎಂದರು. "ಯಾರೂ ಏನೂ ಕೇಳಲಿಲ್ಲ. ಮಗು, ಸೈನು ಮುಗಿಸು."

"ನಾನು ಕೇಳಿದೆ," ಎಂದಳು ಅಂಬುಜಾ.

ಮನೆದೇವರ ಪ್ರಶ್ನೆ ಅಭ್ಯಾಸಬಲದಿಂದ ಬಾಯಿಜಾರಿತೋ, ಒಳಗಿನಿಂದ ಯಾರೋ ಬೇಕೆಂದೇ ನೂಕಿದರೋ, ಅವಳಿಗೇ ಗೊತ್ತಿರಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. "ಆವತ್ತೂ ನಾನೇ ಕೇಳಿದ್ದು. ಹೀಗೇ ಕೇಳಿದ್ದು. ಲೋಟಾನೂ ನಾನೇ ಇಟ್ಟಿದ್ದು, ಲೋಟ ಸಾಲದೆ ಅಲ್ಲ. ಇವಳು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ." "ಅಂಬುಜಾ," ಎಂದ ಕೃಷ್ಣಯ್ಯ. ಬಸವರಾಜು ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಮಗಳ ಮುಖ ನೋಡಿದ. ಅವಳು ಪೆನ್ನಿನ ಮುಚ್ಚಳ ಹಾಕಿ, 'ರೂಪ' ಎಂದಷ್ಟೇ ಇದ್ದ ಹಾಳೆಯನ್ನು ನಾಲ್ಕಾಗಿ ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಶಾಂತವೀರಪ್ಪ ತಡೆಯಲಿಲ್ಲ. "ನಡೀರಿ ಅಪ್ಪ," ಎಂದಳು. ಅವನು ಹೋಗುವಾಗ ಮತ್ತೆ ಎಲ್ಲರಿಗೂ ಕೈ ಮುಗಿದ, ಅಂಬುಜಾಗೆ ಮುಗಿಯಬೇಕೋ ಬೇಡವೋ ಎಂದು ತಡವರಿಸಿ ಅವಳಿಗೂ ಮುಗಿದ.

ಹುಡುಗಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. ಈಗ ಬೈಯುತ್ತಾಳೆ, ಬೈಯಲಿ, ಎಂದು ಅಂಬುಜಾ ಮುಖ ಎತ್ತಿದಳು. ಕ್ಷಮಿಸಿದೆ ಎಂದುಬಿಡಲಿ ಎಂಬ ಆಸೆಯೂ ಎಲ್ಲೋ ಇತ್ತು. ಹುಡುಗಿ ಎರಡನ್ನೂ ಮಾಡಲಿಲ್ಲ. ದನಿಯಲ್ಲಿ ಕೊಂಕಿರಲಿಲ್ಲ, ಸಿಹಿಯೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ನಿಮ್ಮ ಮನೆದೇವರು ಯಾವುದು ಆಂಟಿ?"

ಇಷ್ಟು ವರ್ಷ ಅವಳು ಕೇಳಿದವರಲ್ಲಿ ಒಬ್ಬರೂ ಅವಳನ್ನು ತಿರುಗಿ ಕೇಳಿರಲಿಲ್ಲ. ದಿನವೂ ಬೆಳಿಗ್ಗೆ ದೀಪ ಹಚ್ಚುವಾಗ ಬಾಯಿ ತುಂಬ ಕರೆಯುವ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಎಲ್ಲರೂ ಕಾಯುತ್ತಿದ್ದರು. ಆ ಹೆಸರು ಹೇಳಿದರೆ ಅದರ ಹಿಂದೆ ಏನೇನು ಬರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಂಬುಜಾ ಬಾಯಿ ತೆರೆದಳು, ಹೇಳಲಾಗಲಿಲ್ಲ.